ಸೋರಲ್ಲಪ್ಪನ ಬಾಯ್ಲರ್

ಅಪ್ಪ ಅಮ್ಮ ಇಟ್ಟ ಹೆಸರು ಅವನ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವನು ಸೋರಲ್ಲಪ್ಪ. ಮೂವತ್ತನಾಲ್ಕು ವರ್ಷದಿಂದ ಲಾರಿ, ಬಸ್ಸುಗಳ ರೇಡಿಯೇಟರಿಗೆ ಬೆಸುಗೆ ಹಾಕಿಕೊಂಡು ಬಂದ ಮನುಷ್ಯ. ರಿಪೇರಿಯಾದ ರೇಡಿಯೇಟರನ್ನು ಹೊತ್ತುಕೊಂಡು ಹೊರಟ ಪ್ರತಿಯೊಬ್ಬ ಡ್ರೈವರನೂ ಬಾಗಿಲ ಹತ್ತಿರ ತಿರುಗಿ ನಿಂತು, "ಮತ್ತೆ ಸೋರಿದ್ರೆ?" ಎಂದು ಕೇಳುತ್ತಿದ್ದ. ಇವನು ತಲೆಯನ್ನೂ ಎತ್ತದೆ "ಸೋರಲ್ಲಪ್ಪ" ಎನ್ನುತ್ತಿದ್ದ. ಹಾಗೆ ಅಂಟಿಕೊಂಡ ಹೆಸರು. ಬೇಜಾರೇನೂ ಇರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು ಅನ್ನಿ.

ಅಂಗಡಿ ಎಂದರೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ. ಒಂದು ಗೋಡೆಗೆ ಒರಗಿಸಿಟ್ಟ ಹಳೆಯ ರೇಡಿಯೇಟರುಗಳು, ಇನ್ನೊಂದು ಗೋಡೆಗೆ ಸಿಮೆಂಟಿನ ತೊಟ್ಟಿ. ಬೆಸುಗೆ ಮುಗಿದ ಮೇಲೆ ಎಲ್ಲ ತೂತುಗಳನ್ನೂ ಮುಚ್ಚಿ, ಒಂದು ಕೊಳವೆಯಿಂದ ಗಾಳಿ ತುಂಬಿ, ಆ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದ. ಎಲ್ಲಾದರೂ ಸೂಜಿಮೊನೆಯಷ್ಟು ಸಂದಿದ್ದರೂ ಗುಳ್ಳೆ ಎದ್ದು ಹೇಳಿಬಿಡುತ್ತದೆ. ಗುಳ್ಳೆ ಏಳದಿದ್ದರೆ ಕೆಲಸ ಸರಿಯಾಯಿತು ಎಂದು ಅರ್ಥ. ಅವನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಪರೀಕ್ಷೆ ಇರಲಿಲ್ಲ.

ಬೆಸುಗೆಗೆ ಬಳಸುತ್ತಿದ್ದದ್ದು ಬೂದುಬಣ್ಣದ, ಬೆರಳು ಗಾತ್ರದ ಕಡ್ಡಿಗಳು. ಅರ್ಧ ತವರ, ಅರ್ಧ ಸೀಸ. ಕೆಲಸ ಕಲಿಸಿದ ಗುರು ಮೊದಲ ದಿನವೇ ಹೇಳಿದ್ದ: "ಸೀಸದ ಹೊಗೆ ಕುಡೀಬೇಡ. ಅಂಗಡೀಲಿ ತುತ್ತು ಬಾಯಿಗೆ ಇಡಬೇಡ. ಮನೆಗೆ ಹೋಗೋ ಮುಂಚೆ ಮೂರು ಸಲ ಕೈ ತೊಳಿ." ಹೇಳಿದವನು ತಾನು ಪಾಲಿಸಲಿಲ್ಲ. ಕೊನೆಯ ವರ್ಷಗಳಲ್ಲಿ ಅವನ ಬಲಗೈ ಮಣಿಕಟ್ಟಿನಿಂದ ಜೋತುಬಿದ್ದು, ಲೋಟ ಎತ್ತಿಕೊಳ್ಳಲೂ ಹೆಂಡತಿ ಬೇಕಾಗಿದ್ದಳು. ಆ ಕೈಯನ್ನು ಸೋರಲ್ಲಪ್ಪ ಕಣ್ಣಾರೆ ಕಂಡಿದ್ದ. ಅಂದಿನಿಂದ ನಿಯಮ ತಪ್ಪಿಸಲಿಲ್ಲ. ಅಂಗಡಿಯ ಅಂಗಿ ಅಂಗಡಿಯ ಮೊಳೆಯಲ್ಲೇ ನೇತಾಡುತ್ತಿತ್ತು. ಬಟ್ಟೆ ಸೋಪಿನಲ್ಲಿ ಮೂರು ಸಲ ಕೈ ಉಜ್ಜದೆ ಅವನು ಮನೆಯ ಬಾಗಿಲ ಚಿಲಕವನ್ನೂ ಮುಟ್ಟಿದವನಲ್ಲ. ಅವನ ಲೆಕ್ಕದಲ್ಲಿ ಸೀಸವೆಂದರೆ ಹೊಗೆ, ಸೀಸವೆಂದರೆ ಕೈಗಂಟಿದ ಕೊಳೆ. ತಣ್ಣಗಾಗಿ ಗಟ್ಟಿಯಾದ ಮೇಲೆ ಅದು ಬರೀ ಲೋಹ. ಅಲುಗಾಡದೆ ಬಿದ್ದಿರುವ ವಸ್ತು ಯಾರಿಗೇನು ಮಾಡೀತು?

ಮನೆಯಲ್ಲಿ ಹೆಂಡತಿ, ಮಗಳು, ಮೊಮ್ಮಗಳು. ಅಳಿಯ ದೂರದ ದಾರಿಯ ಲಾರಿ ಓಡಿಸುವವನು, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಮೊಮ್ಮಗಳಿಗೆ ಆಗ ನಾಲ್ಕು ತಿಂಗಳು. ಮಗಳಿಗೆ ಎದೆಹಾಲು ಸಾಲದೆ, ಡಬ್ಬಿಯ ಹಾಲಿನ ಪುಡಿಯನ್ನು ಕುದಿಸಿದ ನೀರಿನಲ್ಲಿ ಕಲಸಿ ಕುಡಿಸುತ್ತಿದ್ದರು. ಸಂಜೆ ಅಜ್ಜ ಬಂದು ಎತ್ತಿಕೊಂಡರೆ ಸಾಕು, ಆ ಕೂಸು ಅವನ ಸುಟ್ಟ ಗಾಯಗಳ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಬಿಡುತ್ತಲೇ ಇರಲಿಲ್ಲ. ಅರವತ್ತರ ಹತ್ತಿರದ ಈ ಮನುಷ್ಯ ಆ ಹಿಡಿತಕ್ಕೆ ಸೋತುಹೋಗಿದ್ದ. ಹೆಂಡತಿ ಮೂತಿ ತಿರುವಿ, "ನನ್ನ ಮಗಳನ್ನ ಒಂದು ದಿನಾನಾದ್ರೂ ಹೀಗೆ ಎತ್ತಿದ್ರಾ?" ಎಂದರೆ, "ಆಗ ರೇಡಿಯೇಟರ್ ಜಾಸ್ತಿ ಇತ್ತು ಕಣೇ" ಎನ್ನುತ್ತಿದ್ದ.

ಈ ಸಂಸಾರದೊಳಗೆ ಗಾಬರಿ ಕಾಲಿಟ್ಟದ್ದು ಪಕ್ಕದ ಕ್ಷೌರದಂಗಡಿಯ ಬಾಗಿಲಿನಿಂದ. ಕ್ಷೌರಿಕ ಮಹಾ ಮಾತಿನಮಲ್ಲ. ಎರಡು ಪತ್ರಿಕೆ ತರಿಸುತ್ತಿದ್ದ. ಮೊದಲ ಪುಟಗಳನ್ನು ಗಿರಾಕಿಗಳಿಗೆ ಗಟ್ಟಿಯಾಗಿ ಓದುವುದು, ಒಳಪುಟಗಳನ್ನು ಅಂಗೈಯಗಲ ಹರಿದಿಟ್ಟುಕೊಂಡು ಕತ್ತಿಯ ನೊರೆ ಒರೆಸುವುದು ಅವನ ಪದ್ಧತಿ. ಹೀಗಾಗಿ ಆ ಬೀದಿಯವರಿಗೆ ಲೋಕದ ಎಲ್ಲ ಸುದ್ದಿಯೂ ಗೊತ್ತಿತ್ತು, ಯಾವುದರ ಕೊನೆಯೂ ಗೊತ್ತಿರಲಿಲ್ಲ.

"ಅಣ್ಣಾ, ನಿಮ್ಮ ಮನೇಲಿ ಕೂಸು ಬಾಟ್ಲಿ ಹಾಲು ಕುಡಿಯುತ್ತಲ್ವಾ?" ಎಂದು ಒಂದು ಸೋಮವಾರ ಅವನು ಪತ್ರಿಕೆ ಹಿಡಿದೇ ಬಂದ. ದಪ್ಪಕ್ಷರದಲ್ಲಿತ್ತು: ನಿಮ್ಮ ಮಗುವಿನ ಹಾಲಿನ ಬಾಟಲಿಯಲ್ಲಿ ವಿಷ? ಅಕ್ಷರಗಳು ಕೆಂಪು, ಪ್ರಶ್ನೆಯ ಗುರುತು ಮಾತ್ರ ಸಣ್ಣದು. ಬಿಸಿ ನೀರು ಹಾಕಿದಾಗ ಪ್ಲಾಸ್ಟಿಕ್ಕಿನಿಂದ ಏನೇನೋ ಬಿಡುತ್ತದಂತೆ, ಅದು ಮಕ್ಕಳ ಮೈಗೆ ಇಳಿಯುತ್ತದಂತೆ. ಸೋರಲ್ಲಪ್ಪನ ಎದೆ ಧಸಕ್ಕೆಂದಿತು.

ಗುರುವಾರ ಅದೇ ಪತ್ರಿಕೆ, ಟೈರಿನ ಜಾಹೀರಾತಿನ ಕೆಳಗೆ ನಾಲ್ಕು ಸಾಲು: ಪ್ಲಾಸ್ಟಿಕ್ ಬಾಟಲಿ ಬಗ್ಗೆ ಆತಂಕ ಬೇಡ, ತಜ್ಞರ ಅಭಯ. ಉಸಿರು ಬಿಟ್ಟ. ಮುಂದಿನ ವಾರ ಇನ್ನೊಂದು ಪತ್ರಿಕೆ: ಅಭಯ ಕೊಟ್ಟ ತಜ್ಞರು ಯಾರ ಸಂಬಳದವರು? ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಂಡ. ಆಮೇಲೆ ಇಲಿಗಳ ಮೇಲೆ ಮಾಡಿದ ಪ್ರಯೋಗದ ಸುದ್ದಿ ಬಂತು. "ಇಲಿಗೆ ಬಾಟ್ಲೀಲಿ ಹಾಲು ಕುಡಿಸೋರು ಯಾರಣ್ಣ?" ಎಂದು ಕ್ಷೌರಿಕ ನಕ್ಕ. ಸೋರಲ್ಲಪ್ಪನಿಗೆ ನಗು ಬರಲಿಲ್ಲ. ಬರೆಯುವವರಿಗೇನು, ಅಡ್ಡಗೋಡೆಯ ಮೇಲೆ ದೀಪವಿಟ್ಟು ಮನೆಗೆ ಹೋಗಿ ಮಲಗುತ್ತಾರೆ. ಆ ಬೆಳಕಿನಲ್ಲಿ ತಡಕಾಡುವವರು ಬೇರೆ.

ಮನೆಯಲ್ಲಿ ಮಗಳ ಸ್ಥಿತಿ ಇನ್ನೂ ಕೆಟ್ಟಿತ್ತು. ಅವಳ ಕೈಯಲ್ಲಿ ಫೋನಿತ್ತು. ಡಬ್ಬಿಗಳನ್ನೆಲ್ಲ ತಲೆಕೆಳಗು ಮಾಡಿ ತಳದ ತ್ರಿಕೋನದೊಳಗೆ ಪ್ಲಾಸ್ಟಿಕ್ಕಿನ ಬಗೆ ತಿಳಿಸುವ ಅಂಕಿ ನೋಡುವುದೇ ಅವಳ ದಿನದ ಕೆಲಸವಾಯಿತು. ಫೋನಿನಲ್ಲಿ ಒಬ್ಬ ಐದು ಒಳ್ಳೆಯದು, ಏಳು ಕೆಟ್ಟದ್ದು ಎಂದ. ಇನ್ನೊಬ್ಬಳು ಬಿಸಿಯಾದರೆ ಐದೂ ಕೆಟ್ಟದ್ದೇ ಎಂದಳು. ಬಿಳಿಕೋಟು ತೊಟ್ಟು ಕಣ್ಣೀರು ಹಾಕಿ ಎಚ್ಚರಿಕೆ ಕೊಟ್ಟ ಮೂರನೆಯವನು ಕೊನೆಗೆ ತನ್ನದೇ ಕಂಪನಿಯ ಬಾಟಲಿ ಎತ್ತಿ ತೋರಿಸಿದ. ಬಸುರಿಯಾಗಿದ್ದಾಗ ತಾನು ಕೆಲಸಕ್ಕಿದ್ದ ಟಿಕೆಟ್ ಕೌಂಟರಿನಲ್ಲಿ ಕೂತು ಪ್ಲಾಸ್ಟಿಕ್ ಡಬ್ಬಿಯ ಬಿಸಿ ಊಟ ಉಂಡದ್ದು ಅವಳಿಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಮೊದಲು ಹಾಲಿನ ಬಾಟಲಿ ಹೋಯಿತು, ಗಾಜಿನದು ಬಂತು. ಪ್ಲಾಸ್ಟಿಕ್ ಕೆಟಲ್ ಹೋಯಿತು. ಊಟದ ಡಬ್ಬಿ, ಉಪ್ಪಿನ ಡಬ್ಬಿ, ಸ್ನಾನದ ಮಗ್ಗು, ಕೂಸು ಮಲಗುವ ಬಣ್ಣದ ಚಾಪೆ, ಎಲ್ಲವನ್ನೂ ಮೂರು ಗೋಣಿಚೀಲಕ್ಕೆ ತುಂಬಿ ಬಾಗಿಲಲ್ಲಿಟ್ಟರು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು. "ನನ್ನ ಹಲ್ಲಿನ ಸೆಟ್ಟೂ ಪ್ಲಾಸ್ಟಿಕ್ಕೇ. ಬಿಚ್ಚಿಕೊಡ್ಲಾ, ಅದನ್ನೂ ತುಂಬಿಸ್ತೀರಾ?"

ಉಳಿದದ್ದು ಕುಡಿಯುವ ನೀರು. ಅದು ದಿನವೂ ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲೇ ಬರುತ್ತಿತ್ತು. ಕ್ಯಾನು ಬೇಡ, ನಲ್ಲಿ ನೀರನ್ನೇ ಹಿಡಿದು ಕುದಿಸಿ ಇಡೋಣ ಎಂದು ಸೋರಲ್ಲಪ್ಪ ತೀರ್ಮಾನಿಸಿದ. ಇಡುವುದು ಯಾವುದರಲ್ಲಿ? ಅದಕ್ಕೂ ಪತ್ರಿಕೆಯೇ ದಾರಿ ತೋರಿಸಬೇಕಿತ್ತು. ಆ ದಿನದ ಮೊದಲ ಪುಟದ ತಳದಲ್ಲಿ ಹೀಗಿತ್ತು: ಪ್ಲಾಸ್ಟಿಕ್ ಬದಲು ಏನು ಬಳಸಬೇಕು, ಯಾವುದರ ಬಗ್ಗೆ ಎಚ್ಚರ? ಪುಟ ಒಂಬತ್ತು ನೋಡಿ. ಅವನು ಅದಕ್ಕಾಗಿಯೇ ಕ್ಷೌರದಂಗಡಿಗೆ ಹೋದ. ಒಂಬತ್ತನೇ ಪುಟ ಆಗಲೇ ನಾಲ್ಕು ಜನರ ಗಡ್ಡದ ನೊರೆಯೊಂದಿಗೆ ಬುಟ್ಟಿ ಸೇರಿತ್ತು. "ತಾಮ್ರ ಅಂತಲೇ ಇರುತ್ತೆ ಬಿಡಿ ಅಣ್ಣಾ, ಎಲ್ರೂ ಅದನ್ನೇ ಹೇಳೋದು" ಎಂದ ಕ್ಷೌರಿಕ. ಆ ಪುಟದಲ್ಲಿ ಏನಿತ್ತೋ ಇವತ್ತಿಗೂ ಆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ.

ತಾಮ್ರ ಎಂದಮೇಲೆ ಕೇಳಬೇಕೆ? ಅದು ಇವನ ಕೈಯ ಲೋಹ. ಹೊಸ ತಗಡು ತಂದ. ಎಂಟು ಲೀಟರ್ ಹಿಡಿಯುವ ಬಾಯ್ಲರ್, ತಳದಲ್ಲಿ ಹಿತ್ತಾಳೆಯ ನಲ್ಲಿ, ಮೇಲೆ ಮುಚ್ಚಳ. ಸಣ್ಣ ಉರಿಯ ಮೇಲೆ ಇಟ್ಟರೆ ದಿನವಿಡೀ ಬಿಸಿನೀರು. ಮೂರು ಸಂಜೆ ಕೂತು ಬಡಿದ. ಲಾರಿಯವರು ಬಂದು ಕಾದರು, ವಾಪಸ್ಸು ಹೋದರು, ಬೈದರು. ಇವನು ಕಿವಿಗೆ ಹಾಕಿಕೊಳ್ಳಲಿಲ್ಲ. ಜನ್ಮದಲ್ಲಿ ಅಷ್ಟು ಅಂದದ ಕೆಲಸ ಅವನು ಮಾಡಿರಲಿಲ್ಲ.

ಬರೀ ತಾಮ್ರದ ಒಳಗೆ ಬಿಸಿನೀರು ನಿಲ್ಲಬಾರದು, ಕಲಾಯಿ ಹಾಕಬೇಕು ಎಂಬುದು ಅವನಿಗೆ ಗೊತ್ತಿತ್ತು. ಅಂದರೆ ಒಳಮೈಗೆಲ್ಲ ಶುದ್ಧ ತವರ ಕರಗಿಸಿ ಹಚ್ಚುವುದು. ತವರ ತರಲು ಹೋದರೆ ಅಂಗಡಿಯವನು, "ಮುಗಿದಿದೆ, ಮುಂದಿನ ವಾರ ಬನ್ನಿ" ಎಂದ. ಒಂದು ವಾರ ತಾನೆ, ಕಾಯೋಣ ಎಂದುಕೊಂಡೇ ಮನೆಗೆ ಬಂದ. ಮನೆಯಲ್ಲಿ ಟಿವಿ ಕಿರುಚುತ್ತಿತ್ತು. ನಾಲ್ಕು ಚೌಕದೊಳಗೆ ನಾಲ್ಕು ಮುಖ, ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ಹಿಂದೆ ಹಾಲಿನ ಬಾಟಲಿ ಹಿಡಿದ ಒಂದು ಮಗುವಿನ ಚಿತ್ರ ಮತ್ತೆ ಮತ್ತೆ. ಮಗಳು ನೀರಿನ ಕ್ಯಾನಿನ ಮುಂದೆ ನೆಲದ ಮೇಲೆ ಕೂತು ಅಳುತ್ತಿದ್ದಳು.

"ಅಪ್ಪಾ, ನನ್ನ ಕೂಸಿಗೆ ನಾನೇ ವಿಷ ಕುಡಿಸ್ತಿದೀನಾ?"

ಅದನ್ನು ಕೇಳಿ ಯಾವ ತಂದೆ ಒಂದು ವಾರ ಕಾಯುತ್ತಾನೆ? ತಿರುಗಿ ಅಂಗಡಿಗೆ ಹೋದ. ಕಪಾಟಿನಲ್ಲಿ ಕಡ್ಡಿಗಳ ಕಟ್ಟಿತ್ತು. ಅರ್ಧ ತವರ ಇದೆಯಲ್ಲ, ಸದ್ಯಕ್ಕೆ ಇದೇ ಆಗಲಿ, ಮುಂದಿನ ವಾರ ಕೆರೆದು ಶುದ್ಧದ್ದನ್ನು ಹಾಕಿದರಾಯಿತು ಎಂದುಕೊಂಡ. ಕಡ್ಡಿ ಕರಗಿಸಿ ಒಳಮೈಗೆಲ್ಲ ಬಟ್ಟೆಯಿಂದ ಒರೆಸಿ ಹಚ್ಚಿದ. ಅಂಚುಗಳಿಗೆ ರೇಡಿಯೇಟರಿಗಿಂತ ಎರಡರಷ್ಟು ತುಂಬಿದ, ಮೊಮ್ಮಗಳದ್ದಲ್ಲವೇ? ಹೊಗೆ ಕುಡಿಯಬಾರದೆಂದು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ. ಗಾಳಿ ತುಂಬಿ ತೊಟ್ಟಿಯಲ್ಲಿ ಮುಳುಗಿಸಿದ. ಒಂದೇ ಒಂದು ಗುಳ್ಳೆ ಏಳಲಿಲ್ಲ. ಮೂರು ಸಲ ಕೈ ತೊಳೆದು ಬಾಯ್ಲರನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ನಡೆದ.

ಮುಚ್ಚಳ ತೆಗೆದರೆ ಒಳಗೆ ಕನ್ನಡಿಯಂಥ ಹೊಳಪು. ಮಗಳು ಅದರಲ್ಲಿ ತನ್ನ ಮುಖ ನೋಡಿಕೊಂಡು ಎಷ್ಟೋ ದಿನದ ಮೇಲೆ ನಕ್ಕಳು. ಹೆಂಡತಿಯೂ ಸೋತಳು. "ಮದುವೆಯಾಗಿ ಇಷ್ಟು ವರ್ಷಕ್ಕೆ ಮನೆಗೆ ಅಂತ ಒಂದು ಕೆಲಸ ಮಾಡಿದ್ರಿ" ಎಂದಳು. ಮರುದಿನ ಬೆಳಗಿನಿಂದ ಮಗುವಿನ ಹಾಲಿಗೆ, ಮನೆಯವರ ಚಹಾಕ್ಕೆ, ಕುಡಿಯಲು, ಎಲ್ಲಕ್ಕೂ ಅದೇ ನೀರು. ಮುಂದಿನ ವಾರ ತವರ ಬಂತು. ಒಯ್ದು ಕೆರೆಯಬೇಕೆಂದರೆ ಬಾಯ್ಲರ್ ಒಲೆಯಿಂದ ಇಳಿದರೆ ತಾನೆ? ಅದರ ಮುಂದಿನ ವಾರ ಎರಡು ಬಸ್ಸಿನ ಕೆಲಸ ಬಂತು. ಆಮೇಲೆ ಅದು ಅವನ ತಲೆಯಿಂದಲೇ ಜಾರಿಹೋಯಿತು. ತಿಂಗಳಾಗುವಷ್ಟರಲ್ಲಿ ಒಳಗಿನ ಹೊಳಪು ಮಾಸಿ ಬೂದಿಬಣ್ಣವಾಗಿತ್ತು. ಬಳಸುವ ಪಾತ್ರೆ ಮಂಕಾಗುತ್ತದೆ ಎಂದುಕೊಂಡು ಮುಚ್ಚಳ ಮುಚ್ಚಿದ.

ಮಗು ಅಳಲು ಶುರುಮಾಡಿದ್ದು ಬಾಯ್ಲರ್ ಬಂದ ಆರನೇ ವಾರದಲ್ಲಿ. ಹಸಿವಿನ ಅಳುವಲ್ಲ. ಮೊಣಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು, ಮೈ ಬಿಗಿಹಿಡಿದು ಅಳುವುದು. ನಾಲ್ಕು ದಿನವಾದರೂ ಹೊಟ್ಟೆ ಖಾಲಿಯಾಗಲಿಲ್ಲ. ಕುಡಿದ ಹಾಲು ವಾಂತಿಯಾಗಿ ಬರುತ್ತಿತ್ತು. ಬೀದಿಯ ಡಾಕ್ಟರು ಗ್ಯಾಸು ಎಂದರು, ಹನಿ ಬರೆದುಕೊಟ್ಟರು, "ಕುದಿಸಿದ ನೀರು ಸ್ವಲ್ಪ ಜಾಸ್ತಿ ಕೊಡಿ" ಎಂದರು. ಕೊಟ್ಟರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಂಟೆಗೊಮ್ಮೆ, ಗಾಜಿನ ಲೋಟದಿಂದ, ಚಮಚ ಚಮಚ ಕೊಟ್ಟರು.

ಕೂಸು ಸುಣ್ಣದಂತೆ ಬಿಳಿಚಿಕೊಂಡಿತು. ಮಗುಚಲು ಕಲಿತಿದ್ದ ಮಗು ಮಗುಚುವುದನ್ನು ಬಿಟ್ಟಿತು. ಅಂಗಾತ ಬಿದ್ದುಕೊಂಡು ಮಾಡನ್ನೇ ನೋಡುತ್ತಿತ್ತು. ಸೋರಲ್ಲಪ್ಪ ಹೆಬ್ಬೆರಳು ಕೊಟ್ಟರೆ ಹಿಡಿಯುತ್ತಿತ್ತು, ಆದರೆ ಆ ಹಿಡಿತ ಅರ್ಧಕ್ಕೇ ಸಡಿಲವಾಗುತ್ತಿತ್ತು. ಅವನು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಹೆಂಡತಿಗೆ ದಿನಾ ತಲೆನೋವು, ಇವನಿಗೂ ಹೊಟ್ಟೆ ಹಿಂಡಿದಂತೆ. ಮನೆಯ ಚಿಂತೆ ಎಂದುಕೊಂಡರು. ಪತ್ರಿಕೆಗಳು ಸುಮ್ಮನಿರಲಿಲ್ಲ. ಗೊಂಬೆಯಲ್ಲಿ ಪ್ಲಾಸ್ಟಿಕ್, ಬಟ್ಟೆಯಲ್ಲಿ ಪ್ಲಾಸ್ಟಿಕ್, ಗಾಳಿಯಲ್ಲೂ ಪ್ಲಾಸ್ಟಿಕ್. ಮೂರನೇ ದಿನಕ್ಕೆ, ಅಷ್ಟೇನೂ ಅಪಾಯವಿಲ್ಲ ಎಂಬ ಸುದ್ದಿ. ಒಂದೊಂದು ಸುದ್ದಿಗೂ ಮನೆಯಿಂದ ಒಂದೊಂದು ವಸ್ತು ಹೊರಗೆ ಹೋಗುತ್ತಿತ್ತು. ಗಿಲಕಿ ಹೋಯಿತು, ಕಿಟಕಿಯ ಪರದೆ ಹೋಯಿತು. ಮನೆ ಖಾಲಿಯಾಗುತ್ತ ಬಂತು, ಮಗು ಬಡವಾಗುತ್ತ ಬಂತು. "ಎಲ್ಲಾ ಎಸೆದ್ವಲ್ಲಪ್ಪಾ, ಇನ್ನೂ ಏನು ಉಳಿದಿದೆ?" ಎಂದು ಮಗಳು ಬರಿಗೋಡೆಗಳನ್ನು ನೋಡುತ್ತ ಕೇಳುತ್ತಿದ್ದಳು. ಒಲೆಯ ಮೇಲೆ ಬಾಯ್ಲರ್ ಸಣ್ಣಗೆ ಕುದಿಯುತ್ತಿತ್ತು.

ಒಂದು ಬೆಳಿಗ್ಗೆ ಮಗುವಿನ ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಮೈಯೆಲ್ಲ ಅದುರಿತು. ಒಂದು ನಿಮಿಷ ಇದ್ದಿರಬಹುದು. ಮನೆಯವರ ಜೀವ ಬಾಯಿಗೆ ಬಂತು. ದೊಡ್ಡಾಸ್ಪತ್ರೆಗೆ ಓಡಿದರು. ಅಲ್ಲಿ ಅದುರುವುದು ನಿಲ್ಲಲು ಔಷಧಿ ಕೊಟ್ಟರು, ರಕ್ತ ತೆಗೆದುಕೊಂಡರು, ಹೆಂಡತಿಯನ್ನು ವರಾಂಡದಲ್ಲಿ ಕೂರಿಸಿದರು. ಮಧ್ಯಾಹ್ನ ಮಕ್ಕಳ ಡಾಕ್ಟರು ಮಗಳನ್ನೂ ಅವನನ್ನೂ ಒಳಗೆ ಕರೆದರು. ಮಗು ಅಜ್ಜನ ಹೆಬ್ಬೆರಳು ಹಿಡಿದು ಅವನ ತೊಡೆಯ ಮೇಲೆ ನಿದ್ದೆ ಹೋಗಿತ್ತು.

ಮಗಳು ಕೂರುವ ಮೊದಲೇ ಚೀಲದಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. "ಮೇಡಂ, ಬಸುರಿಯಾದಾಗಿಂದ ನಾನು ಬಳಸಿದ ಪ್ಲಾಸ್ಟಿಕ್ಕೆಲ್ಲ ಬರೆದಿದೀನಿ. ಅಂಕಿ ಸಮೇತ ಬರೆದಿದೀನಿ."

ಡಾಕ್ಟರು ಹಾಳೆಗಳ ಮೇಲೆ ಒಮ್ಮೆ ಕಣ್ಣಾಡಿಸಿ ಪಕ್ಕಕ್ಕೆ ಸರಿಸಿದರು. ಸರಿಸಿದ್ದು ಮೆತ್ತಗೇ. "ಇದು ಅದಲ್ಲಮ್ಮ. ರಕ್ತದಲ್ಲಿ ಸೀಸ ಇದೆ. ತುಂಬ ಇದೆ."

"ಸೀಸ ಪ್ಲಾಸ್ಟಿಕ್ಕಲ್ಲಿ ಇರುತ್ತಾ ಮೇಡಂ?"

"ಮನೇಲಿ ಯಾರಾದ್ರೂ ಬ್ಯಾಟರಿ, ಪೇಂಟು, ಬೆಸುಗೆ ಕೆಲಸ ಮಾಡ್ತಾರಾ?"

ಸೋರಲ್ಲಪ್ಪ ತಲೆ ಎತ್ತಿದ. "ನಾನು ಮಾಡ್ತೀನಿ ಮೇಡಂ. ಆದ್ರೆ ಅಂಗಿ ಅಂಗಡೀಲೇ ಬಿಡ್ತೀನಿ. ಮೂರು ಸಲ ಕೈ ತೊಳೀದೆ ಮಗೂನ ಮುಟ್ಟಿದೋನಲ್ಲ. ಬೇಕಾದ್ರೆ ಇವಳನ್ನ ಕೇಳಿ." ಅದು ಸುಳ್ಳಾಗಿರಲಿಲ್ಲ. ಹೇಳುತ್ತಲೇ ಅವನು ಆ ತಿಂಗಳುಗಳನ್ನೆಲ್ಲ ಒಂದೊಂದಾಗಿ ತಿರುವಿ ಹಾಕುತ್ತಿದ್ದ. ಯಾವ ದಿನ ಕೈ ತೊಳೆಯುವುದು ಮರೆತೆ? ಯಾವ ದಿನ ಅಂಗಿ ಬದಲಿಸಲಿಲ್ಲ? ಒಂದು ದಿನವೂ ಸಿಗಲಿಲ್ಲ.

"ಮಗೂಗೆ ಕುಡಿಯೋ ನೀರು ಎಲ್ಲಿಂದು? ಯಾವುದರಲ್ಲಿ ಕಾಯಿಸ್ತೀರಾ?"

"ಅದರ ಬಗ್ಗೆ ಯೋಚನೆ ಬೇಡ ಮೇಡಂ," ಎಂದಳು ಮಗಳು. ಅಷ್ಟೊಂದು ಭಯದ ನಡುವೆಯೂ ಅವಳ ದನಿಯಲ್ಲಿ ಚೂರು ಹೆಮ್ಮೆ ಇಣುಕಿತು. "ಪ್ಲಾಸ್ಟಿಕ್ ಸೋಕಿಸಿಯೇ ಇಲ್ಲ. ಅಪ್ಪನೇ ಕೈಯಾರೆ ಮಾಡಿಕೊಟ್ಟಿದ್ದು, ತಾಮ್ರದ ಬಾಯ್ಲರ್. ಒಳಗೆಲ್ಲ ಬೆಳ್ಳಗೆ ಕಲಾಯಿ ಹಾಕಿದಾರೆ. ದಿನಪೂರ್ತಿ ಕುದಿಸಿ ಕುದಿಸಿ ಅದೇ ನೀರಲ್ಲೇ ಹಾಲು ಕಲಸಿ ಕೊಡ್ತೀವಿ."

ಡಾಕ್ಟರ ಪೆನ್ನು ನಿಂತಿತು. ಅವರು ಮಗಳನ್ನು ನೋಡಲಿಲ್ಲ, ಅವನನ್ನು ನೋಡಿದರು. ಅವನು ತನ್ನ ಕೈ ನೋಡಿಕೊಂಡ. ಕಪಾಟು ಕಂಡಿತು, ಕಡ್ಡಿಗಳ ಕಟ್ಟು ಕಂಡಿತು, ಮೂಗಿಗೆ ಕಟ್ಟಿದ ಬಟ್ಟೆ ಕಂಡಿತು. ಮುಂದಿನ ವಾರ ಕೆರೆಯೋಣ ಎಂದು ತಾನೇ ತನಗೆ ಹೇಳಿಕೊಂಡ ಮಾತು ಕಿವಿಯಲ್ಲಿ ಕೇಳಿಸಿತು. ಗುರುವಿನ ಜೋತುಬಿದ್ದ ಕೈ ಕಣ್ಣ ಮುಂದೆ ಬಂತು. ಆ ಕೈಯನ್ನು ಹಾಳುಮಾಡಿದ ಸೀಸವನ್ನೇ ಅವನು ಮೊಮ್ಮಗಳ ನೀರಿನ ಸುತ್ತ ಹೊದಿಸಿದ್ದ.

ಅಷ್ಟರಲ್ಲಿ ಮಗು ಎದ್ದು ಮುಲುಗಿತು, ಮೊಣಕಾಲು ಎಳೆದುಕೊಂಡು ಅಳತೊಡಗಿತು. "ಹಸಿವು ಪಾಪ, ಬೆಳಿಗ್ಗೆಯಿಂದ ಏನೂ ಇಲ್ಲ" ಎನ್ನುತ್ತ ಮಗಳು ಚೀಲಕ್ಕೆ ಕೈ ಹಾಕಿದಳು. ಹೊರಡುವಾಗ ಬಾಯ್ಲರಿನ ನೀರಿನಲ್ಲೇ ಹಾಲು ಕಲಸಿ ಬಟ್ಟೆಯಲ್ಲಿ ಸುತ್ತಿ ತಂದ ಬಾಟಲಿ ಅದು. ಅವಳು ಅದನ್ನು ಮಗುವಿನ ಬಾಯಿಯ ಹತ್ತಿರ ತಂದಳು.

ಸೋರಲ್ಲಪ್ಪ ಅವಳ ಮಣಿಕಟ್ಟು ಹಿಡಿದ.

"ಬೇಡಮ್ಮ."

"ಯಾಕಪ್ಪಾ?" ಅವಳಿಗೆ ಅರ್ಥವಾಗಲಿಲ್ಲ. ಬಾಟಲಿಯನ್ನು ಬೆಳಕಿಗೆ ಎತ್ತಿ ತೋರಿಸಿದಳು. "ಗಾಜಿಂದೇ ಇದು. ನೋಡು, ಗಾಜಿಂದು."

"ನೀರು," ಎಂದ. "ಆ ಬಾಯ್ಲರ್ ಒಳಗೆ ಹಚ್ಚಿರೋದು ತವರ ಅಲ್ಲ ಮಗಳೇ. ಅಂಗಡಿ ಕಡ್ಡಿ. ಅರ್ಧ ಸೀಸ. ಗೊತ್ತಿದ್ದೇ ಹಚ್ಚಿದೆ."

ಅವಳು ಬಾಟಲಿಯನ್ನು ಮೇಜಿನ ಮೇಲೆ, ಆ ಎರಡು ಹಾಳೆಗಳ ಮೇಲೆ ಇಟ್ಟಳು. ಆಮೇಲೆ ಬಗ್ಗಿ, ಅವನ ಹೆಬ್ಬೆರಳನ್ನು ಹಿಡಿದಿದ್ದ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಗುವನ್ನು ಅವನ ತೊಡೆಯಿಂದ ಎತ್ತಿಕೊಂಡಳು.